ಬರ್ಲಿನ್‌ನಿಂದ ಆಮ್‌ಸ್ಟರ್‌ಡಾಮ್‌ಗೆ ಹೋದರೆ ಯಜಮಾನರಿಗೆ ವೀಸಾ ಬೇಕಾ?

ನಿಮ್ಮದು ಪೋರ್ಚುಗಲ್ ಪಾಸ್‌ಪೋರ್ಟ್, ಯಜಮಾನರದು ಭಾರತದ್ದು. ಆಮ್‌ಸ್ಟರ್‌ಡಾಮ್‌ನಲ್ಲಿ ಕೆಲಸ ಸಿಕ್ಕಿದೆ, ಅವರಿಗೆ ವೀಸಾ ಬೇಕಾ ಅಂತ ಕೇಳಿದ್ದೀರಿ. ಬೇಡ. ಇಯು (ಐರೋಪ್ಯ ಒಕ್ಕೂಟ) ಪ್ರಜೆಯ ಕುಟುಂಬದವರಿಗೆ ಜರ್ಮನಿ ಕೊಡುವ ಕಾರ್ಡ್ ಅವರ ಹತ್ತಿರ ಇದ್ದರೆ ನಿಮ್ಮ ಜೊತೆ ಹಾಗೇ ಬರಬಹುದು. ಆದರೆ ಅಲ್ಲಿ ನೆಲೆಸೋಕೆ ಆ ಕಾರ್ಡ್ ಸಾಲದು, ಹೊಸ ಅರ್ಜಿ ಹಾಕಲೇಬೇಕು.

ಹೋದ 5 ದಿನದೊಳಗೆ ನಗರಸಭೆಯಲ್ಲಿ ಇಬ್ಬರ ಹೆಸರೂ ನೋಂದಾಯಿಸಿ. ಬಿಎಸ್‌ಎನ್, ಅಂದರೆ ಅಲ್ಲಿನ ನಾಗರಿಕ ಗುರುತಿನ ಸಂಖ್ಯೆ, ಸಿಗುವುದು ಅಲ್ಲೇ. ಮದುವೆ ಭಾರತದಲ್ಲಿ ಆಗಿದ್ದರೆ ಪ್ರಮಾಣಪತ್ರಕ್ಕೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ದಾಖಲೆ ಅಸಲಿ ಅಂತ ಹೊರದೇಶಕ್ಕೆ ಖಾತ್ರಿಪಡಿಸುವ ಮುದ್ರೆ) ಇರಲಿ. ಬರೀ ನೋಟರಿ ಸೀಲು ಲೆಕ್ಕಕ್ಕಿಲ್ಲ.

ಆಮೇಲೆ ನೆದರ್ಲೆಂಡ್ಸ್‌ನ ವಲಸೆ ಇಲಾಖೆ ಐಎನ್‌ಡಿಗೆ ಯಜಮಾನರ ಹೆಸರಲ್ಲಿ 'ಇಯು ಕಾನೂನಿನಡಿ ಪರಿಶೀಲನೆ' ಅರ್ಜಿ. ಯಾರೇ ಹೇಳಲಿ, ಎಂವಿವಿ (ದೀರ್ಘಾವಧಿ ವಾಸಕ್ಕೆ ಒಳಬರುವ ವೀಸಾ) ಅರ್ಜಿ ಮಾತ್ರ ಹಾಕಬೇಡಿ. ಅದು ಡಚ್ ಪ್ರಜೆಗಳು ಹೊರಗಿನಿಂದ ಸಂಗಾತಿಯನ್ನು ಕರೆಸಿಕೊಳ್ಳುವ ದಾರಿ; ಆದಾಯದ ಮಿತಿ, ಡಚ್ ಭಾಷಾ ಪರೀಕ್ಷೆ ಎಲ್ಲ ತಲೆಗೆ ಬೀಳುತ್ತೆ. ಇಯು ಪ್ರಜೆಗಳು ಮತ್ತು ಅವರ ಕುಟುಂಬದವರ ಮುಕ್ತ ಓಡಾಟ, ವಾಸದ ಕಾನೂನಾದ 2004/38 ನಿರ್ದೇಶನದಡಿ ಬರುವ ನಿಮಗೆ ಅದ್ಯಾವುದೂ ಅನ್ವಯಿಸಲ್ಲ. ತೀರ್ಮಾನಕ್ಕೆ 6 ತಿಂಗಳವರೆಗೆ ಸಮಯ ಇದೆ. ನಿಮ್ಮ ಕೆಲಸದ ಕರಾರುಪತ್ರ ಜೊತೆಗಿಡಿ: ಮೊದಲ 3 ತಿಂಗಳು ಕಳೆದ ಮೇಲೆ ಅವರ ಹಕ್ಕು ನಿಂತಿರುವುದೇ ನಿಮ್ಮ ಕೆಲಸದ ಮೇಲೆ.

ಡಚ್ ಆರೋಗ್ಯ ವಿಮೆಗೆ 4 ತಿಂಗಳ ಗಡುವು. ತಡಮಾಡಿ ಪ್ರಯೋಜನವಿಲ್ಲ, ಕಂತನ್ನು ಹಿಂದಿನಿಂದಲೇ ಲೆಕ್ಕ ಹಾಕುತ್ತಾರೆ.