ಕಪ್ಪು ಕಾರಿನ ಮೇಲೆ ಪಾಲಿಶ್ ಒರೆಸುವಾಗ ಮೂಡುವ ಗೀರುಗಳು

ಪ್ರಶ್ನೆ: ನನ್ನ ಕಪ್ಪು ಕಾರಿನ ಬಾನೆಟ್ಟಿಗೆ ಯಂತ್ರದಿಂದ ಪಾಲಿಶ್ ಮಾಡಿದಾಗ ಹಳೆಯ ಗೀರುಗಳು ಹೋದವು. ಆದರೆ ಮೇಲೆ ಉಳಿದ ಪಾಲಿಶನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದ ಬಳಿಕ, ಬಿಸಿಲಿನಲ್ಲಿ ಎಳೆಎಳೆಯಾಗಿ ಹೊಸ ಗೀರುಗಳು ಕಾಣುತ್ತಿವೆ. ಬಟ್ಟೆ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಏನು ಮಾಡಲಿ?

ಉತ್ತರ: ಈ ಗೀರುಗಳು ಒರೆಸುವುದರಿಂದಲೇ ಬಂದವೋ, ಯಂತ್ರಕ್ಕೆ ಹಾಕುವ ಪಾಲಿಶ್ ಪ್ಯಾಡಿನಿಂದ ಬಂದವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಪಾಲಿಶಿನ ಜಿಡ್ಡು ಪ್ಯಾಡ್ ಮಾಡಿದ ಗೀರುಗಳನ್ನು ತುಂಬಿ ಮರೆಮಾಡುವುದರಿಂದ, ಒರೆಸಿದಾಗ ಅವು ಹೊಸದಾಗಿ ಹುಟ್ಟಿದಂತೆ ತೋರುವುದುಂಟು. ಒಂದು ಅಡಿ ಅಗಲದ ಜಾಗದಲ್ಲಿ ಬಟ್ಟೆಯನ್ನು ನೇರವಾಗಿ, ಒಂದೇ ದಿಕ್ಕಿಗೆ ಎಳೆದು ಒರೆಸಿ, ಎಲ್‌ಇಡಿ ಟಾರ್ಚಿನ ಬೆಳಕಿನಲ್ಲಿ ನೋಡಿ. ಗೀರುಗಳು ಅದೇ ದಿಕ್ಕಿನಲ್ಲಿದ್ದರೆ ಕಾರಣ ಒರೆಸುವಿಕೆ. ಕಮಾನಿನಂತೆ ಬಾಗಿದ್ದರೆ ಅಥವಾ ಮೇಲ್ಮೈಯೆಲ್ಲ ಮಸುಕಾಗಿದ್ದರೆ ಪ್ಯಾಡನ್ನೂ ಪಾಲಿಶನ್ನೂ ಇನ್ನಷ್ಟು ಮೃದುವಾದವಕ್ಕೆ ಬದಲಿಸಬೇಕು.

ಒರೆಸುವಿಕೆಯೇ ಕಾರಣವಾಗಿದ್ದರೆ, ದೋಷ ಹೆಚ್ಚಾಗಿ ಒಣಗಿದ ಪಾಲಿಶಿನಲ್ಲೂ ಕೈಯ ಒತ್ತಡದಲ್ಲೂ ಇರುತ್ತದೆ. ಪಾಲಿಶಿನಲ್ಲಿ ಉಜ್ಜುವ ಸೂಕ್ಷ್ಮ ಪುಡಿಯ ಜೊತೆಗೆ ಕ್ಲಿಯರ್ ಕೋಟಿನಿಂದ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದಿಂದ, ಕಳಚಿದ ಕಣಗಳೂ ಬೆರೆತಿರುತ್ತವೆ. ದ್ರವಾಂಶ ಇರುವವರೆಗೆ ಇವು ಜಾರುತ್ತವೆ, ಬಾನೆಟ್ ಬಿಸಿಯಾಗಿ ದ್ರವ ಆರಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ್ದನ್ನು ಬಿಡಿಸಲು ನಾವು ನಮಗರಿವಿಲ್ಲದೆಯೇ ಬಲ ಹಾಕುತ್ತೇವೆ, ಗೀರು ಬೀಳುವುದು ಆಗಲೇ. ಕೆಲವು ಕಾರುಗಳ ಕ್ಲಿಯರ್ ಕೋಟ್ ಸ್ವಭಾವತಃ ಮೃದು. ಕಪ್ಪು ಬಣ್ಣವಂತೂ ಯಾವ ಗೀರನ್ನೂ ಅಡಗಿಸುವುದಿಲ್ಲ.

ಆದ್ದರಿಂದ ನೆರಳಿನಲ್ಲಿ, ಲೋಹ ಕೈಗೆ ತಣ್ಣಗೆ ತಾಗುವಾಗ ಮಾತ್ರ ಕೆಲಸ ಮಾಡಿ. ಪಾಲಿಶನ್ನು ಕಡಿಮೆ ಬಳಸಿ, ಪ್ಯಾಡನ್ನು ಆಗಾಗ ಸ್ವಚ್ಛಗೊಳಿಸಿ, ಬಾನೆಟ್ಟಿನ ಸ್ವಲ್ಪ ಭಾಗವನ್ನಷ್ಟೇ ಮುಗಿಸಿ ಅದು ಆರುವ ಮುನ್ನವೇ ಒರೆಸಿ. ಆರಿದ್ದರೆ ಒಣಬಟ್ಟೆಯಿಂದ ತಿಕ್ಕದೆ, ಕ್ವಿಕ್ ಡಿಟೇಲರ್ ಸ್ಪ್ರೇಯನ್ನು (ಕಾರಿನ ಮೇಲ್ಮೈಯನ್ನು ಜಾರುವಂತೆ ಮಾಡಿ ಒರೆಸಲು ಬಳಸುವ ದ್ರವ) ತೆಳುವಾಗಿ ಸಿಂಪಡಿಸಿ ಕೆಲವು ಕ್ಷಣ ನೆನೆಯಲು ಬಿಡಿ. ಅಂಚಿನಲ್ಲಿ ಹೊಲಿಗೆಯಿಲ್ಲದ, ಉದ್ದ ಎಳೆಗಳ ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಶುದ್ಧ ಮುಖಗಳು ಸಿಗುತ್ತವೆ. ಒಂದು ಮುಖದಿಂದ ಪಾಲಿಶನ್ನು ಕೈಭಾರವಷ್ಟೇ ಬೀಳುವಂತೆ ಎತ್ತಿಕೊಂಡು, ಮುಖ ಬದಲಿಸಿ ಉಳಿದ ಮಬ್ಬನ್ನು ತೆಗೆಯಿರಿ. ಗ್ಯಾರೇಜಿನ ಬನಿಯನ್ ವೇಸ್ಟನ್ನಂತೂ ಬಣ್ಣದ ಹತ್ತಿರಕ್ಕೂ ತರಬೇಡಿ.

ಕೊನೆಯ ಪರೀಕ್ಷೆಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲಿಗೆ ಏಳೆಂಟು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ ಒರೆಸಿದರೆ ಜಿಡ್ಡು ಹೋಗಿ ಮೇಲ್ಮೈಯ ನಿಜಸ್ಥಿತಿ ಕಾಣುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಭಾಗಕ್ಕೆ ಇದನ್ನು ಬಳಸಬೇಡಿ. ಈಗಾಗಲೇ ಬಿದ್ದ ನವಿರು ಗೀರುಗಳನ್ನು ಮೃದುವಾದ ಫಿನಿಶಿಂಗ್ ಪ್ಯಾಡಿನಿಂದ ಹಗುರವಾಗಿ ಉಜ್ಜಿದರೆ ಸಾಕು. ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನಿನಷ್ಟು ಮಾತ್ರ ದಪ್ಪವಿರುವುದರಿಂದ, ಪ್ರತಿ ಗೀರಿಗೂ ಕಾಂಪೌಂಡ್ (ಹೆಚ್ಚು ಉಜ್ಜುವ ಒರಟು ಪಾಲಿಶ್) ಹಾಕಿ ಸವೆಸುವುದು ಸರಿಯಲ್ಲ.

ಪ್ರಶ್ನೆ: ಇಂಥ ಬಟ್ಟೆಗಳನ್ನು ಒಗೆಯುವುದು ಹೇಗೆ?

ಉತ್ತರ: ಹತ್ತಿಬಟ್ಟೆಗಳೊಂದಿಗೆ ಸೇರಿಸದೆ, ಉಗುರುಬೆಚ್ಚಗಿನ ನೀರಿನಲ್ಲಿ ದ್ರವರೂಪದ ಡಿಟರ್ಜೆಂಟ್ ಹಾಕಿ ಪ್ರತ್ಯೇಕವಾಗಿ ಒಗೆಯಿರಿ. ಫ್ಯಾಬ್ರಿಕ್ ಕಂಡೀಷನರ್ ಎಳೆಗಳಿಗೆ ಅಂಟಿ ಅವುಗಳ ಹೀರುವ ಗುಣವನ್ನು ಕೆಡಿಸುತ್ತದೆ, ಅದು ಬೇಡ. ಧೂಳಿಲ್ಲದ ನೆರಳಿನಲ್ಲಿ ಒಣಗಿಸಿ. ಕೆಲಸದ ನಡುವೆ ನೆಲಕ್ಕೆ ಬಿದ್ದ ಬಟ್ಟೆಯನ್ನು ಚಕ್ರ ಒರೆಸಲು ಮೀಸಲಿಡಿ.