ರೆಸ್ಲಿಂಗ್‌ನಲ್ಲಿ ಜಾನ್ ಸೀನಾ 17 ಸಲ ವರ್ಲ್ಡ್ ಚಾಂಪಿಯನ್, ರಿಕ್ ಫ್ಲೇರ್ 16 ಸಲ ಅಂದರೆ ಗೆಳೆಯ ಒಪ್ಪುತ್ತಿಲ್ಲ, ಫ್ಲೇರ್ 21 ಅಂತಾನೆ. ಅವನ ಬಾಯಿ ಮುಚ್ಚಿಸುವುದು ಹೇಗೆ?

ಮುಚ್ಚಿಸಬೇಡಿ. ನಾನು ಒಬ್ಬರ ಬಾಯಿ ಮುಚ್ಚಿಸಿದ್ದೆ. ಅವರು ಆಮೇಲೆ ನನ್ನ ಹತ್ತಿರ ಮಾತೇ ಆಡಲಿಲ್ಲ.

ನಿಮ್ಮ ಪ್ರಶ್ನೆ ಓದುವಾಗ ನನ್ನದೇ ಹಳೆಯ ದನಿ ಕೇಳಿದ ಹಾಗಾಯಿತು. 'ಅಧಿಕೃತ ದಾಖಲೆ ಇದ್ದರೆ ಕೊಡಿ, ಅವನ ಮುಖಕ್ಕೆ ಹಿಡಿಯುತ್ತೇನೆ' ಅಂತ ಬರೆದಿದ್ದೀರಿ. ನಾನೂ ಹಿಡಿದಿದ್ದೆ.

ನಾವು ಹನ್ನೆರಡು ಜನ ರೆಸ್ಲಿಂಗ್ ಹುಚ್ಚರ ಒಂದು ಗುಂಪು ಇತ್ತು. ಅದರಲ್ಲಿ ಒಬ್ಬರು ನಮ್ಮೆಲ್ಲರಿಗಿಂತ ದೊಡ್ಡವರು. ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ನಾವೆಲ್ಲ ಹೋಗನ್, ಅಂಡರ್‌ಟೇಕರ್ ಅಂತ ಕುಣಿಯುವಾಗ ಅಣ್ಣ ಜಪಾನಿನ ಹಳೆಯ ಪಂದ್ಯಗಳ ವಿಡಿಯೋ ಕ್ಯಾಸೆಟ್ ಸೇರಿಸುತ್ತಿದ್ದರು. ಪ್ರತಿ ಕ್ಯಾಸೆಟ್ಟಿನ ಬೆನ್ನಿಗೆ ನೀಲಿ ಶಾಯಿಯಲ್ಲಿ ತಾರೀಕು, ಊರು, ಇಬ್ಬರ ಹೆಸರು. ಯಾರು ಗೆದ್ದರು ಅಂತ ಮಾತ್ರ ಬರೆಯುತ್ತಿರಲಿಲ್ಲ. 'ನೋಡೋರಿಗೆ ಮಜಾ ಹೋಗಬಾರದಲ್ವಾ' ಅನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ ಅವರ ಕೋಣೆಯಲ್ಲಿ ಕೂತು ನೋಡಿದ ಪಂದ್ಯಗಳಿಗೆ ಲೆಕ್ಕವಿಲ್ಲ.

ಒಮ್ಮೆ ಗುಂಪಿನಲ್ಲಿ ಒಂದು ಕ್ವಿಜ್ ಇಟ್ಟೆವು. ನಲವತ್ತು ಪ್ರಶ್ನೆ. ಪ್ರಶ್ನೆ ತೆಗೆಯುವವನೂ ನಾನೇ, ತೀರ್ಪು ಕೊಡುವವನೂ ನಾನೇ. ಬಹುಮಾನ ತಗಡಿನ ನಕಲಿ ಬೆಲ್ಟು. ಎರಡು ಸಲ ಸೊಂಟಕ್ಕೆ ಕಟ್ಟಿದರೆ ಬಣ್ಣ ಕಿತ್ತು ಬರುವಂಥದ್ದು.

ಮೂವತ್ತೊಂದನೇ ಪ್ರಶ್ನೆ ಹೀಗಿತ್ತು: 'ಬಾಬ್ ಬ್ಯಾಕ್‌ಲಂಡ್‌ನನ್ನು ಸೋಲಿಸಿ ಡಬ್ಲ್ಯುಡಬ್ಲ್ಯುಎಫ್ ಬೆಲ್ಟ್ ಗೆದ್ದ ಮೊದಲ ರೆಸ್ಲರ್ ಯಾರು?'

ಡಬ್ಲ್ಯುಡಬ್ಲ್ಯುಎಫ್ ಅಂದರೆ ಈಗಿನ ಡಬ್ಲ್ಯುಡಬ್ಲ್ಯುಇ, ಅಮೆರಿಕದ ರೆಸ್ಲಿಂಗ್ ಕಂಪನಿ; ಬೆಲ್ಟ್ ಅಂದರೆ ಚಾಂಪಿಯನ್ ಪಟ್ಟ. ನನ್ನ ಹಾಳೆಯಲ್ಲಿದ್ದ ಉತ್ತರ ಐರನ್ ಶೇಕ್. 1983ರ ಡಿಸೆಂಬರ್ 26, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಶೇಕ್ ಬ್ಯಾಕ್‌ಲಂಡ್‌ನ ಬೆನ್ನ ಮೇಲೆ ಕೂತು ಗದ್ದ ಹಿಡಿದು ಹಿಂದಕ್ಕೆಳೆಯುತ್ತಾನೆ. ಅದೇ ಕ್ಯಾಮಲ್ ಕ್ಲಚ್. ಬ್ಯಾಕ್‌ಲಂಡ್ ಸೋಲು ಒಪ್ಪುವುದಿಲ್ಲ. ಅವನ ಮ್ಯಾನೇಜರ್ ಆರ್ನಾಲ್ಡ್ ಸ್ಕಾಲಂಡ್ ನೋಡಲಾರದೆ ಟವೆಲ್ ಎಸೆದುಬಿಡುತ್ತಾನೆ, ಅಂದರೆ ಅವನ ಪರವಾಗಿ ಸೋಲು ಒಪ್ಪಿದ ಹಾಗೆ. ಕಂಪನಿಯ ಲೆಕ್ಕದಲ್ಲಿ 1978ರ ಫೆಬ್ರವರಿಯಿಂದ ನಡೆದ 2,135 ದಿನಗಳ ಆಳ್ವಿಕೆ ಆ ಟವೆಲ್‌ನೊಂದಿಗೆ ಮುಗಿಯಿತು. ಒಂದು ತಿಂಗಳೂ ಆಗುವ ಮೊದಲೇ ಹೋಗನ್ ಬಂದು ಶೇಕ್‌ನಿಂದ ಬೆಲ್ಟ್ ಕಿತ್ತುಕೊಂಡ. ಅಲ್ಲಿಂದ ಮುಂದಿನ ಕತೆ ಎಲ್ಲರಿಗೂ ಗೊತ್ತು.

ಅಣ್ಣ ಬರೆದ ಉತ್ತರ: ಜಪಾನಿನ ರೆಸ್ಲರ್ ಆಂಟೋನಿಯೊ ಇನೋಕಿ.

ನಾನು ಕೆಂಪು ಪೆನ್ನಿನಲ್ಲಿ ಇಂಟು ಹಾಕಿದೆ. ಅಣ್ಣ ಒಂದೇ ಅಂಕದಲ್ಲಿ ಎರಡನೇ ಸ್ಥಾನಕ್ಕೆ ಹೋದರು.

ಈಗ ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಇಷ್ಟು ವರ್ಷ ಇದನ್ನೇ ತಲೆಯಲ್ಲಿ ತಿರುಗಿಸಿದ್ದೇನೆ.

ಮೇಲುನೋಟಕ್ಕೆ ತಪ್ಪು ಆ 'ಮೊದಲ' ಅನ್ನುವ ಪದ. ಅದನ್ನು ಯಾಕೆ ಹಾಕಿದೆ ಗೊತ್ತಾ? ಬ್ಯಾಕ್‌ಲಂಡ್ 1994ರ ಸರ್ವೈವರ್ ಸೀರೀಸ್‌ನಲ್ಲಿ ಬ್ರೆಟ್ ಹಾರ್ಟ್‌ನನ್ನು ಸೋಲಿಸಿ ಮತ್ತೆ ಚಾಂಪಿಯನ್ ಆದ. ಮೂರೇ ದಿನಕ್ಕೆ ಡೀಸೆಲ್ ಅವನನ್ನು 8 ಸೆಕೆಂಡಿನಲ್ಲಿ ಮುಗಿಸಿದ. ಯಾರಾದರೂ 'ಡೀಸೆಲ್' ಅಂತ ಬರೆದು ಜಗಳ ತೆಗೆದಾರು ಅಂತ ಹೆದರಿ 'ಮೊದಲ' ಸೇರಿಸಿದೆ. ಪ್ರಶ್ನೆಗೆ ಒಂದೇ ಉತ್ತರ ಇರಲಿ ಅಂತ ಹಾಕಿದ ಪದವೇ ಪ್ರಶ್ನೆಯನ್ನು ಕೆಡಿಸಿತು. 'ಮೊದಲ' ಇಲ್ಲದಿದ್ದರೆ ಶೇಕ್, ಡೀಸೆಲ್, ಇನೋಕಿ, ಮೂವರಿಗೂ ಅಂಕ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. 'ಕಂಪನಿಯ ಪಟ್ಟಿ ಪ್ರಕಾರ' ಅಂತ ಹಿಂದೆ ಸೇರಿಸಿದ್ದರೂ ಬಚಾವಾಗುತ್ತಿದ್ದೆ.

ಯಾಕೆಂದರೆ 1979ರ ನವೆಂಬರ್ 30ರಂದು ಜಪಾನಿನ ಟೊಕುಶಿಮಾದಲ್ಲಿ ಇನೋಕಿ ಬ್ಯಾಕ್‌ಲಂಡ್‌ನನ್ನು ಸೋಲಿಸಿ ಆ ಬೆಲ್ಟನ್ನು ಗೆದ್ದಿದ್ದ. ಡಿಸೆಂಬರ್ 6ಕ್ಕೆ ಟೋಕಿಯೊದಲ್ಲಿ ಮರುಪಂದ್ಯ. ಅದರಲ್ಲಿ ಟೈಗರ್ ಜೀತ್ ಸಿಂಗ್ ಅನ್ನುವ ಇನ್ನೊಬ್ಬ ರೆಸ್ಲರ್ ನಡುವೆ ನುಗ್ಗಿದ. ಬ್ಯಾಕ್‌ಲಂಡ್ ಗೆದ್ದರೂ ಫಲಿತಾಂಶ ರದ್ದು ಅಂದರು. ಹೀಗೆ ಉಳಿದ ಬೆಲ್ಟ್ ಬೇಡ ಅಂತ ಇನೋಕಿ ಅದನ್ನು ಬಿಟ್ಟುಕೊಟ್ಟ. ಡಿಸೆಂಬರ್ 17ಕ್ಕೆ ಬ್ಯಾಕ್‌ಲಂಡ್ ನ್ಯೂಯಾರ್ಕಿನಲ್ಲಿ ಬಾಬಿ ಡಂಕಮ್‌ನನ್ನು ಸೋಲಿಸಿ ಮತ್ತೆ ಅದನ್ನು ಹಿಡಿದ. ಅಮೆರಿಕದ ಕಂಪನಿಯ ಪಟ್ಟಿಯಲ್ಲಿ ಇದು ಯಾವುದೂ ಇಲ್ಲ. ಅಲ್ಲಿ ಬ್ಯಾಕ್‌ಲಂಡ್ ಒಂದು ದಿನವೂ ಬೆಲ್ಟ್ ಕಳೆದುಕೊಂಡಿಲ್ಲ.

ಆದರೆ ನಿಜವಾದ ತಪ್ಪು ಆ ಪದ ಅಲ್ಲ. ಇನೋಕಿ ಗೆದ್ದದ್ದು ನನಗೆ ಗೊತ್ತಿತ್ತು. ಪ್ರಶ್ನೆ ತಯಾರು ಮಾಡುವ ವಾರ ಎಲ್ಲೋ ಓದಿದ್ದೆ. 'ಅಯ್ಯೋ, ಇದೊಂದು ತಕರಾರು' ಅಂತ ಪಕ್ಕಕ್ಕೆ ತಳ್ಳಿದ್ದೆ. ಪ್ರಶ್ನೆ ಚೆನ್ನಾಗಿದೆ, ಟವೆಲ್ ಕತೆ ಹೇಳಬಹುದು, ಯಾಕೆ ಬಿಡಬೇಕು? ಅಣ್ಣ ಎದ್ದು ನಿಂತು 'ಟೊಕುಶಿಮಾ ನೆನಪಿಲ್ವೇನೋ?' ಅಂತ ಕೇಳಿದಾಗ ನಾನು ಮುಖ ಗಂಟು ಹಾಕಿ 'ಅದೆಲ್ಲ ಗಾಳಿಸುದ್ದಿ, ಪಟ್ಟಿ ನೋಡಿ ಅಣ್ಣಾ' ಅಂದೆ. ಮುದ್ರಿಸಿ ತಂದಿದ್ದ ಪಟ್ಟಿಯನ್ನು ಹನ್ನೊಂದು ಜನರ ಮುಂದೆ ಅವರ ಮುಖಕ್ಕೇ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಪೂರ್ತಿ ಓದಿದರು. ಆಮೇಲೆ ಅದನ್ನು ನಾಲ್ಕಾಗಿ ಮಡಚಿ ನನ್ನ ಕೈಗೇ ಕೊಟ್ಟರು.

ಹೊರಡುವಾಗ ಒಂದೇ ಮಾತು. 'ಗೊತ್ತಿಲ್ಲದೆ ಹಾಕಿದ್ರೆ ಪರವಾಗಿಲ್ಲಪ್ಪ. ನಿಂಗೆ ಗೊತ್ತಿತ್ತು.'

ಹೇಗೆ ಗೊತ್ತಾಯಿತೋ ಕಾಣೆ. ಬಹುಶಃ 'ಗಾಳಿಸುದ್ದಿ' ಅಂದಾಗ ನನ್ನ ದನಿ ಜಾಸ್ತಿಯಾಯಿತೇನೋ. ಭಾನುವಾರಗಳು ಅಲ್ಲಿಗೆ ನಿಂತವು. ಆ ತಗಡಿನ ಬೆಲ್ಟ್ ಗೆದ್ದವನು ಅದನ್ನು ಎಲ್ಲಿ ಎಸೆದನೋ ಅವನಿಗೂ ಗೊತ್ತಿರಲಿಕ್ಕಿಲ್ಲ.

ಆಮೇಲೆ ಹೊಟ್ಟೆಕಿಚ್ಚಿಗೆ, ಇಲ್ಲ, ಪಶ್ಚಾತ್ತಾಪಕ್ಕೇ ಅನ್ನಿ, ನಾನು ಆ 'ಅಧಿಕೃತ' ಪಟ್ಟಿಯನ್ನು ಸಾಲುಸಾಲಾಗಿ ಕೆದಕಿದೆ. ಮೊದಲ ಸಾಲಿನಲ್ಲೇ ನಗು ಬಂತು. ಮೊದಲ ಚಾಂಪಿಯನ್ ಬಡ್ಡಿ ರಾಜರ್ಸ್, 1963, ರಿಯೊ ಡಿ ಜನೈರೊದಲ್ಲಿ ನಡೆದ ಟೂರ್ನಿ ಗೆದ್ದು. ಆ ಟೂರ್ನಿ ನಡೆದೇ ಇಲ್ಲ! ರಾಜರ್ಸ್‌ಗೆ ಬೆಲ್ಟ್ ಕೊಡಲು ಹೆಣೆದ ಕತೆ ಅದು. ಅದೇ ವರ್ಷ ಮೇ 17ಕ್ಕೆ ಬ್ರೂನೊ ಸಮಾರ್ಟಿನೊ ಅವನನ್ನು 48 ಸೆಕೆಂಡಿನಲ್ಲಿ ಸೋಲಿಸಿದ್ದು ಮಾತ್ರ ನಿಜ. ಅದೇ ಕಂಪನಿಯ ಇನ್ನೊಂದು ಬೆಲ್ಟ್, ಇಂಟರ್‌ಕಾಂಟಿನೆಂಟಲ್, ನೋಡಿ. ಮೊದಲ ಚಾಂಪಿಯನ್ ಪ್ಯಾಟ್ ಪ್ಯಾಟರ್ಸನ್. ಎಲ್ಲಿ ಗೆದ್ದ? ಮತ್ತೆ ರಿಯೊ. ಮತ್ತೆ ನಡೆಯದ ಟೂರ್ನಿ. ಇಸವಿ? 1979.

ಅಂದರೆ ಒಂದೇ ವರ್ಷದಲ್ಲಿ ನಡೆಯದೇ ಇದ್ದ ಪಂದ್ಯ ಪುಸ್ತಕಕ್ಕೆ ಸೇರಿತು, ಜನ ಕಣ್ಣಾರೆ ಕಂಡ ಪಂದ್ಯ ಬಿಟ್ಟುಹೋಯಿತು. 2000ದಲ್ಲಿ ಡೇವಿಡ್ ಆರ್ಕೆಟ್ ಅನ್ನುವ ಸಿನಿಮಾ ನಟ ಆಗಿನ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುನ ವರ್ಲ್ಡ್ ಚಾಂಪಿಯನ್ ಆದ. ಅದು ಲೆಕ್ಕಕ್ಕಿದೆ. ಇನೋಕಿ ಇಲ್ಲ. ಇಂಥ ಪಟ್ಟಿ ಹಿಡಿದುಕೊಂಡು ನಾನು ಅಣ್ಣನಿಗೆ ಪಾಠ ಹೇಳಲು ಹೋಗಿದ್ದೆ.

ಈಗ ನಿಮ್ಮ ಫ್ಲೇರ್. 16 ಅನ್ನುವುದು ಡಬ್ಲ್ಯುಡಬ್ಲ್ಯುಇ ಲೆಕ್ಕ: ಎನ್‌ಡಬ್ಲ್ಯುಎ (ರೆಸ್ಲಿಂಗ್ ಕಂಪನಿಗಳ ಹಳೆಯ ಒಕ್ಕೂಟ) 8, ಡಬ್ಲ್ಯುಸಿಡಬ್ಲ್ಯು 6, ಡಬ್ಲ್ಯುಡಬ್ಲ್ಯುಎಫ್ 2. 21 ಅನ್ನುವವರೂ ಇದ್ದಾರೆ. ಫ್ಲೇರ್ ಕೂಡ ಅವರಲ್ಲೊಬ್ಬ, ಅವನಿಗೆ ಜಾಸ್ತಿ ಬೇಡ ಅನ್ನುವ ಅಭ್ಯಾಸ ಮೊದಲಿನಿಂದಲೂ ಇಲ್ಲ. ಈ ಹೆಚ್ಚುವರಿ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. 1984ರ ಮಾರ್ಚ್‌ನಲ್ಲಿ ಫ್ಲೇರ್ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಹಾರ್ಲಿ ರೇಸ್‌ಗೆ ಎನ್‌ಡಬ್ಲ್ಯುಎ ಬೆಲ್ಟ್ ಸೋತ. ಮೂರು ದಿನಕ್ಕೆ ಸಿಂಗಾಪುರದಲ್ಲಿ ವಾಪಸ್ ಗೆದ್ದ. ಆಗ ಬೇರೆ ದೇಶದ ಸುದ್ದಿ ಅಮೆರಿಕದ ಅಭಿಮಾನಿಗಳಿಗೆ ತಲುಪುವುದೇ ಕಷ್ಟ. ಅಲ್ಲಿ ಜನಕ್ಕೆ ಖುಷಿಯಾಗಲಿ ಅಂತ ಬೆಲ್ಟ್ ಕೊಟ್ಟು, ಅಮೆರಿಕದಲ್ಲಿ ಏನೂ ಆಗಿಲ್ಲ ಅಂತ ಕೂರಬಹುದಿತ್ತು. ಕೂತರು ಕೂಡ. ಸಿಂಗಾಪುರದ ಗೆಲುವನ್ನು ಎಣಿಸಿದರೆ ಒಂದು ಲೆಕ್ಕ, ಬಿಟ್ಟರೆ ಇನ್ನೊಂದು. ನಿಮ್ಮ ಗೆಳೆಯನ 21 ಇಂಥ ಊರುಗಳಿಂದ ಹುಟ್ಟಿದ್ದು.

ಹಾಗಾಗಿ ಸೀನಾ 2025ರ ಏಪ್ರಿಲ್‌ನಲ್ಲಿ ರೆಸಲ್‌ಮೇನಿಯಾ 41ರಲ್ಲಿ ಕೋಡಿ ರೋಡ್ಸ್‌ನನ್ನು ಸೋಲಿಸಿ 17 ಮಾಡಿದ್ದು ದಾಖಲೆಯೇ. ಆ ಕಂಪನಿಯ ಪುಸ್ತಕದಲ್ಲಿ. ನಿಮ್ಮ ಗೆಳೆಯ ಬೇರೆ ಪುಸ್ತಕ ಓದುತ್ತಿದ್ದಾನೆ. ಇಬ್ಬರಿಗೂ ಓದು ಬರುತ್ತದೆ, ಅಷ್ಟೇ. 'ಹೇಗೂ ಎಲ್ಲ ಮೊದಲೇ ಬರೆದಿಟ್ಟ ಆಟ, ಯಾಕೆ ಎಣಿಸಬೇಕು' ಅಂತ ಯಾರಾದರೂ ಬುದ್ಧಿ ಹೇಳಲು ಬಂದರೆ ಅವರನ್ನು ದೂರ ಇಡಿ. ಯಾರಿಗೆ, ಯಾವ ಊರಲ್ಲಿ, ಯಾಕೆ ಬೆಲ್ಟ್ ಕೊಟ್ಟರು ಅನ್ನುವುದರಲ್ಲೇ ಪೂರ್ತಿ ರುಚಿ ಇರುವುದು.

ಬಾಜಿ ಕಟ್ಟಿದ್ದೇವೆ ಅಂದಿದ್ದೀರಿ. ರದ್ದು ಮಾಡಿ. ಮುಂದೆ ಕಟ್ಟುವುದಾದರೆ ಮೊದಲು ಯಾರ ಪಟ್ಟಿ ಅಂತ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮಧ್ಯದ ದಾರಿ ಅಂತ 18, 19ಕ್ಕೆ ರಾಜಿಯಾಗಬೇಡಿ, ಅದು ಎಲ್ಲಕ್ಕಿಂತ ಕೆಟ್ಟದ್ದು. ಗೆಳೆಯನಿಗೆ 'ಸುಮ್ನೆ 21 ಅನ್ನಬೇಡ, ತಾರೀಕು ಊರು ಸಮೇತ ಬರೆದುಕೊಡು' ಅನ್ನಿ. ಬರೆದುಕೊಟ್ಟರೆ ಅವನು ಒಳ್ಳೆಯ ಗೆಳೆಯ, ಬಿಡಬೇಡಿ. ಸಿಕ್ಕಷ್ಟು ಪಂದ್ಯ ಹುಡುಕಿ ಒಟ್ಟಿಗೆ ನೋಡಿ.

ಸೀನಾ ಗೆದ್ದ ದಿನ ನಾನು ಅಣ್ಣನಿಗೆ ಒಂದು ಮೆಸೇಜ್ ಹಾಕಿದೆ. ಎಷ್ಟೋ ವರ್ಷಗಳ ಮೇಲೆ. '17 ಅಂತೆ ಅಣ್ಣಾ. ಯಾರ ಲೆಕ್ಕದಲ್ಲಿ?' ಅಂತ. ನೋಡಿದ್ದಾರೆ, ಎರಡು ನೀಲಿ ಗೆರೆ ಬಂದಿದೆ. ಉತ್ತರ ಬಂದಿಲ್ಲ.

ನಿಮ್ಮ ಗೆಳೆಯನ ಪಟ್ಟಿ ಸಿಕ್ಕರೆ ಇಲ್ಲೇ ಕೆಳಗೆ ಹಾಕಿ. ಸಿಂಗಾಪುರ ಎಷ್ಟನೇದು ಅಂತ ನೋಡಬೇಕು.