ಎಫ್‌ಎಚ್ ಜೀನ್ ಕೆಟ್ಟರೆ ಕಿಡ್ನಿಯಲ್ಲಿ ಕ್ಯಾನ್ಸರ್ ಯಾಕೆ?

ಅಣ್ಣನ ಕಿಡ್ನಿ ಗಡ್ಡೆಯ ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಎಫ್‌ಎಚ್ ಡಿಫಿಷಿಯೆಂಟ್’ (ಎಫ್‌ಎಚ್ ಕೊರತೆ) ಎಂದು ಬಂದಿದೆ, ಎಫ್‌ಎಚ್ ಅಂದರೆ ಶಕ್ತಿ ತಯಾರಿಸುವ ಎಂಜೈಮ್ ಅಂತೆ, ಅದು ಕೆಟ್ಟರೆ ಜೀವಕೋಶ ಸೊರಗಬೇಕಲ್ವಾ, ಬೆಳೆಯುವುದು ಹೇಗೆ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಈ ವಿಷಯ ಓದಲು ಶುರು ಮಾಡಿದಾಗ ನನಗೂ ಇದೇ ವಿಚಿತ್ರ ಅನಿಸಿತ್ತು.

ಎಫ್‌ಎಚ್‌ನ ಕೆಲಸ ಫ್ಯೂಮರೇಟ್ ಎಂಬ ವಸ್ತುವನ್ನು ಮ್ಯಾಲೇಟ್ ಆಗಿ ಬದಲಿಸುವುದು. ಅದು ಕೈಕೊಟ್ಟರೆ ಶಕ್ತಿ ಕಡಿಮೆಯಾಗುವುದು ನಿಜ. ಆದರೆ ಜೀವಕೋಶ ಗ್ಲೂಕೋಸನ್ನು ಜಾಸ್ತಿ ಎಳೆದುಕೊಂಡು ಹೇಗೋ ಬದುಕಿಕೊಳ್ಳುತ್ತದೆ. ನಿಜವಾದ ತೊಂದರೆ ಖರ್ಚಾಗದೆ ಉಳಿದ ಫ್ಯೂಮರೇಟ್.

ನಮ್ಮ ಜೀವಕೋಶದಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಇದೆ. ಆಕ್ಸಿಜನ್ ಇದ್ದಾಗ ಕೆಲವು ಎಂಜೈಮ್‌ಗಳು ಅದಕ್ಕೆ ಗುರುತು ಹಾಕುತ್ತವೆ. ಗುರುತು ಬಿದ್ದದ್ದನ್ನು ವಿಎಚ್‌ಎಲ್ ಪ್ರೋಟೀನ್ ಹಿಡಿದು ನಾಶಕ್ಕೆ ಕಳಿಸುತ್ತದೆ. ಫ್ಯೂಮರೇಟ್ ರಾಶಿ ಬಿದ್ದರೆ ಗುರುತು ಹಾಕುವವರ ಕೈ ಕಟ್ಟಿಹೋಗುತ್ತದೆ. ಆಕ್ಸಿಜನ್ ಬೇಕಾದಷ್ಟಿದ್ದರೂ ಎಚ್‌ಐಎಫ್ ಉಳಿದುಕೊಂಡು, ‘ಉಸಿರು ಕಟ್ಟುತ್ತಿದೆ, ಹೊಸ ರಕ್ತನಾಳ ಬೇಕು, ಗ್ಲೂಕೋಸ್ ತನ್ನಿ’ ಎಂದು ಸುಳ್ಳು ಎಚ್ಚರಿಕೆ ಕೊಡುತ್ತಲೇ ಇರುತ್ತದೆ. ಶಕ್ತಿ ತಯಾರಿಸುವ ಇನ್ನೊಂದು ಎಂಜೈಮ್ ಎಸ್‌ಡಿಎಚ್‌ನ ಜೀನ್‌ಗಳು ಕೆಟ್ಟಾಗಲೂ ಹೀಗೇ, ಅಲ್ಲಿ ರಾಶಿ ಬೀಳುವುದು ಸಕ್ಸಿನೇಟ್. ಜಾಸ್ತಿ ಜನರಲ್ಲಿ ಕಾಣುವ ಕ್ಲಿಯರ್ ಸೆಲ್ ಕಿಡ್ನಿ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ವಿಎಚ್‌ಎಲ್ ಜೀನೇ ಕೆಟ್ಟಿರುತ್ತದೆ. ಆಕ್ಸಿಜನ್ ಗುರುತಿಸುವ ಈ ವ್ಯವಸ್ಥೆ ಕಂಡುಹಿಡಿದದ್ದಕ್ಕೇ 2019ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು.

ಬಹಳಷ್ಟು ಲೇಖನಗಳು ಕಥೆಯನ್ನು ಇಲ್ಲಿಗೇ ಮುಗಿಸುತ್ತವೆ. ನನಗೆ ಅದು ಅರ್ಧ ಉತ್ತರ. ಇಲಿಗಳಲ್ಲಿ ಎಫ್‌ಎಚ್ ಜೊತೆ ಎಚ್‌ಐಎಫ್ ಅನ್ನೂ ತೆಗೆದು ನೋಡಿದರು. ಎಫ್‌ಎಚ್ ಇಲ್ಲದಾಗ ಕಿಡ್ನಿಯಲ್ಲಿ ಬರುವ ನೀರುಗುಳ್ಳೆಗಳು (ಸಿಸ್ಟ್) ಆಗಲೂ ಬಂದೇ ಬಂದವು. ಅಂದರೆ ಫ್ಯೂಮರೇಟ್‌ಗೆ ಬೇರೆ ದಾರಿಗಳೂ ಇವೆ. ಅದು ಕೀಪ್1 ಎಂಬ ಪ್ರೋಟೀನ್‌ಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಆಗ ಅದರ ಹಿಡಿತದಲ್ಲಿದ್ದ ಎನ್‌ಆರ್‌ಎಫ್2 ಎಂಬ ಇನ್ನೊಂದು ಪ್ರೋಟೀನ್ ಬಿಡುಗಡೆಯಾಗಿ ಗಡ್ಡೆಯ ಜೀವಕೋಶಗಳನ್ನೇ ಕಾಪಾಡುತ್ತದೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುವ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಅಳಿಸುವ ಎಂಜೈಮ್‌ಗಳನ್ನೂ ಫ್ಯೂಮರೇಟ್ ತಡೆಯುತ್ತದೆ.

ಇನ್ನು ನಿಮ್ಮ ವಿಷಯ. ರಿಪೋರ್ಟ್ ಹೇಳುತ್ತಿರುವುದು ಗಡ್ಡೆಯ ಬಗ್ಗೆ. ಇದು ಹುಟ್ಟಿನಿಂದ ಬಂದದ್ದೇ ಎಂದು ತಿಳಿಯಲು ನಿಮ್ಮ ಅಣ್ಣನ ರಕ್ತದಲ್ಲಿ ಜೀನ್ ಪರೀಕ್ಷೆ ಆಗಬೇಕು. ಹೌದು ಎಂದಾದರೆ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಒಬ್ಬೊಬ್ಬರಿಗೂ ಆ ಕೆಟ್ಟ ಜೀನ್ ಇರುವ ಸಾಧ್ಯತೆ ಅರ್ಧಕ್ಕರ್ಧ. ಮನೆಯಲ್ಲಿ ಯಾರಿಗಾದರೂ ಚರ್ಮದ ಮೇಲೆ ಮುಟ್ಟಿದರೆ ನೋಯುವ ಗಂಟುಗಳಿವೆಯೇ, ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಬಂದಿತ್ತೇ ಎಂದು ಕೇಳಿ ನೋಡಿ. ಅದೂ ಇದೇ ಜೀನ್‌ನ ಕೆಲಸ ಇರಬಹುದು.

ಕೆಟ್ಟ ಜೀನ್ ಇದ್ದವರಿಗೆಲ್ಲ ಕಿಡ್ನಿ ಕ್ಯಾನ್ಸರ್ ಬರುವುದಿಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ. ಆದರೆ ಬಂದರೆ ಇದು ಒರಟು ಜಾತಿ. ಬೇರೆ ಕೆಲವು ಕಿಡ್ನಿ ಗಡ್ಡೆಗಳಲ್ಲಿ 3 ಸೆಂ.ಮೀ. ಆಗುವವರೆಗೆ ಕಾದು ನೋಡುವುದುಂಟು. ಇಲ್ಲಿ ಹಾಗೆ ಕಾಯುವುದಿಲ್ಲ, ಸಣ್ಣದೂ ಹರಡಬಲ್ಲದು. ಅದಕ್ಕೇ ಕೆಟ್ಟ ಜೀನ್ ಇದ್ದವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಹೇಳುತ್ತಾರೆ, ಅದೂ ಬಾಲ್ಯದಿಂದಲೇ.

ಸಕ್ಕರೆ ಬಿಟ್ಟರೆ ಗಡ್ಡೆ ಕರಗುತ್ತದಾ ಎಂದೂ ಕೇಳಿದ್ದೀರಿ. ಇಲ್ಲ. ನೀವು ತಿನ್ನದಿದ್ದರೂ ಲಿವರ್ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅಣ್ಣನನ್ನು ಸುಮ್ನೆ ಉಪವಾಸ ಕೆಡವಬೇಡಿ. ಮೊದಲು ಒಬ್ಬ ಜೆನೆಟಿಕ್ ಕೌನ್ಸೆಲರ್‌ನ ನೋಡಿ.